ಹುಡುಗಿಯರು ತಪ್ಪಲಿಲ್ಲ

(ವಿಠ್ಠಲವಾಡಿಯಲ್ಲಿ ಭಾನುವಾರ ಸಂಜೆ ಸೇರಿದ್ದ ಸಂಘದ ಸಾಮಾನ್ಯ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಮೂವತ್ತೇಳು ವರ್ಷ ಕಾರ್ಖಾನೆಯಲ್ಲಿ ಯಂತ್ರದ ಪಕ್ಕ ನಿಂತು ಪಗಾರ ಎಣಿಸಿದವನು. ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವಾದ್ದರಿಂದ ನಮ್ಮ ಖಾತೆಯಲ್ಲಿ ಎಲ್ಲರೂ ಕೈಸನ್ನೆಯಲ್ಲೇ ವ್ಯವಹಾರ ನಡೆಸುತ್ತಿದ್ದೆವು. ನಿವೃತ್ತನಾದ ಮೇಲೆ ಮುದುಕನಿಗೆ ಮಾತು ಹೆಚ್ಚಾಗಿದೆ ಎಂಬುದು ಮನೆಯವರ ದೂರು. ಈ ಹೊತ್ತು ಆ ದೂರನ್ನು ನೀವೂ ಮಾಡುವಂತಾದರೆ ಕ್ಷಮಿಸಬೇಕು.

ಕಾರ್ಯದರ್ಶಿಗಳು ಓದಿದ ವಿಷಯಪಟ್ಟಿಯಲ್ಲಿ ನಾಲ್ಕನೆಯದು ಮೈದಾನದ ವಿಷಯ. ಭಾನುವಾರ ಬೆಳಿಗ್ಗೆ ನಮ್ಮ ಸಂಘಕ್ಕೆ ದೊರೆಯುವ ಮೈದಾನವನ್ನು ಈತನಕ ನಮ್ಮ ಹುಡುಗರು ಕ್ರಿಕೆಟಿಗೆ ಬಳಸುತ್ತಿದ್ದಾರೆ. ಈಗ ನಮ್ಮ ಮಹಿಳಾ ವಿಭಾಗದವರು ಹದಿನಾಲ್ಕು ಹುಡುಗಿಯರ ಹೆಸರು ಬರೆದು ಒಂದು ಅರ್ಜಿ ಕೊಟ್ಟಿದ್ದಾರೆ. ಈ ಹುಡುಗಿಯರು ಫುಟ್ಬಾಲ್ ಕಲಿಯುತ್ತಾರಂತೆ, ಹದಿನೇಳು ವರ್ಷದೊಳಗಿನವರ ಪಂದ್ಯಾವಳಿಯಲ್ಲಿ ಆಡುತ್ತಾರಂತೆ. ಆದ್ದರಿಂದ ಅಭ್ಯಾಸಕ್ಕೆ ಮೈದಾನ ಬೇಕು, ಬೂಟು ಬೇಕು, ಹೋಗಿಬರುವ ಖರ್ಚು ಬೇಕು. ಸಮಿತಿಯಲ್ಲಿ ಎರಡು ಗಂಟೆ ಚರ್ಚೆ ನಡೆದು, ಕೊನೆಗೆ ಒಬ್ಬ ಮಿತ್ರರು, “ಜಗಳ ಯಾಕೆ ಮಾರಾಯ್ರೆ, ಚೀಟಿ ಎತ್ತೋಣ. ಹುಡುಗರೋ ಹುಡುಗಿಯರೋ, ದೇವರು ಕೊಟ್ಟವರಿಗೆ ಮೈದಾನ” ಎಂದರು. ಹಲವರು ತಲೆದೂಗಿದರು. ಅವರ ಮನಸ್ಸು ಒಳ್ಳೆಯದೇ. ಆದರೆ ಚೀಟಿ ಎತ್ತುವ ಮೊದಲು ನನ್ನದೊಂದು ಕಥೆ ಕೇಳಿ. ಇದು ನಡೆದ ಕಥೆ.

2024ನೆಯ ಇಸವಿ ಫೆಬ್ರವರಿ 8ನೆಯ ತಾರೀಖು. ಬಾಂಗ್ಲಾದೇಶದ ಢಾಕಾ ಪಟ್ಟಣದ ಕಮಲಾಪುರ ಮೈದಾನ. ದಕ್ಷಿಣ ಏಷ್ಯದ ಫುಟ್ಬಾಲ್ ಒಕ್ಕೂಟದವರು, ಅಂದರೆ ಸಾಫ್ ಎಂದು ಕರೆಯುತ್ತಾರಲ್ಲ ಅವರು, ಹತ್ತೊಂಬತ್ತು ವರ್ಷದೊಳಗಿನ ಹುಡುಗಿಯರಿಗಾಗಿ ಒಂದು ಪಂದ್ಯಾವಳಿ ಏರ್ಪಡಿಸಿದ್ದರು. ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ, ಹೀಗೆ ನಾಲ್ಕು ತಂಡಗಳು. ಮೊದಲ ಸುತ್ತಿನಲ್ಲಿ ಬಾಂಗ್ಲಾ ಹುಡುಗಿಯರು ನಮ್ಮವರನ್ನು ಒಂದು ಗೋಲಿನಿಂದ ಸೋಲಿಸಿದ್ದರು. ಅಂತಿಮ ಪಂದ್ಯದಲ್ಲಿ ಮತ್ತೆ ಅವರೇ ಎದುರು.

ಆಟ ಶುರುವಾದ ಎಂಟನೆಯ ನಿಮಿಷಕ್ಕೆ ನಮ್ಮ ಮಣಿಪುರದ ಶಿಬಾನಿ ದೇವಿ ಗೋಲು ಹೊಡೆದಳು. ಅಲ್ಲಿಂದ ತೊಂಬತ್ತನೆಯ ನಿಮಿಷದವರೆಗೆ ನಮ್ಮ ಹುಡುಗಿಯರು ಆ ಒಂದು ಗೋಲನ್ನು ಬಡವನ ಮನೆಯ ಚಿನ್ನದಂತೆ ಕಾಯ್ದರು. ಇನ್ನೇನು ಸೀಟಿ ಊದಬೇಕು ಎನ್ನುವಾಗ, ರೆಫರಿ ಕೂಡಿಸಿಕೊಟ್ಟ ಮೂರನೆಯ ನಿಮಿಷದಲ್ಲಿ, ಬಾಂಗ್ಲಾದ ಸಾಗರಿಕಾ ಎಂಬ ಹುಡುಗಿ ಗೋಲು ಹೊಡೆದು ಸಮ ಮಾಡಿದಳು. ಈ ಸಾಗರಿಕಾ ಯಾರು ಗೊತ್ತೇ? ಉತ್ತರ ಬಾಂಗ್ಲಾದ ಠಾಕೂರ್‌ಗಾಂವ್ ಜಿಲ್ಲೆಯ ಒಂದು ಹಳ್ಳಿಯ ಚಹದಂಗಡಿಯವನ ಮಗಳು. ಮೊದಮೊದಲು ಆಕೆಯ ಆಟ ಮನೆಯಲ್ಲಿ ಯಾರಿಗೂ ಒಪ್ಪಿಗೆಯಾಗಿರಲಿಲ್ಲ. ಚಹದಂಗಡಿ, ಖಾನಾವಳಿ, ಹೋಟೆಲುಗಳಿಂದಲೇ ಈ ಮುಂಬಯಿಯಲ್ಲಿ ಬದುಕು ಕಟ್ಟಿದ ನಮಗೆ ಆ ಅಪ್ಪನ ಮನಸ್ಸು ಅರ್ಥವಾಗುತ್ತದೆ. ದುಡಿದು ದುಡಿದು ಬೆನ್ನು ಬಾಗಿದವನಿಗೆ ಮಗಳು ಚೆಂಡಿನ ಹಿಂದೆ ಓಡುವುದು ಮೊದಲು ದಂಡವಾಗಿಯೇ ಕಾಣುತ್ತದೆ.

ಆಟ ಪೆನಾಲ್ಟಿ ಒದೆತಗಳಿಗೆ ಬಂತು. ಇದನ್ನು ತಾಯಂದಿರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡೂ ಕಡೆಯವರು ಸರದಿಯಂತೆ ಒಬ್ಬೊಬ್ಬರಾಗಿ ಬಂದು, ಗೋಲಿನಿಂದ ಹನ್ನೆರಡು ಗಜ ದೂರದಲ್ಲಿ ಇಟ್ಟ ಚೆಂಡನ್ನು ಒದೆಯಬೇಕು. ಎದುರಿಗೆ ಗೋಲ್‌ಕೀಪರ್ ಒಬ್ಬಳೇ. ಮೊದಲು ಐದೈದು ಒದೆತ. ಆಗಲೂ ಸಮವಾದರೆ ಒಂದೊಂದಾಗಿ ಮುಂದುವರಿಸಬೇಕು. ಒಬ್ಬಳು ತಪ್ಪಿ ಇನ್ನೊಬ್ಬಳು ಹೊಡೆದಾಗ ಗೆಲುವು. ಆ ಸಂಜೆ ಐದಾಯಿತು, ಆರಾಯಿತು, ಏಳಾಯಿತು, ಹತ್ತಾಯಿತು. ಕೊನೆಗೆ ಗೋಲ್‌ಕೀಪರ್‌ಗಳೂ ಒದೆದರು. ಹನ್ನೊಂದಕ್ಕೆ ಹನ್ನೊಂದು. ಇಪ್ಪತ್ತೆರಡು ಹುಡುಗಿಯರು ಒದೆದರು, ಇಪ್ಪತ್ತೆರಡೂ ಗೋಲು. ದೊಡ್ಡ ದೊಡ್ಡ ದೇಶಗಳ ಹೆಸರಾಂತ ಗಂಡಸರು ವಿಶ್ವಕಪ್ಪಿನಲ್ಲಿ ಇದೇ ಒದೆತ ತಪ್ಪಿ ತಲೆಯ ಮೇಲೆ ಕೈಹೊತ್ತು ಕುಳಿತದ್ದನ್ನು ನಾವು ಟಿವಿಯಲ್ಲಿ ನೋಡಿದ್ದೇವೆ. ಕಮಲಾಪುರದಲ್ಲಿ ಒಬ್ಬಳೂ ತಪ್ಪಲಿಲ್ಲ.

ಮುಂದೇನು? ನಿಯಮ ಸ್ಪಷ್ಟವಾಗಿದೆ. ಎಲ್ಲರೂ ಒಂದು ಸುತ್ತು ಒದೆದಾದ ಮೇಲೂ ಸಮವಾಗಿದ್ದರೆ ಎರಡನೆಯ ಸುತ್ತು ಶುರು ಮಾಡಬೇಕು, ಅಷ್ಟೆ. ಆದರೆ ಪಂದ್ಯದ ಅಧಿಕಾರಿಗಳು ಏನು ಮಾಡಿದರು? ನಾಣ್ಯ ಚಿಮ್ಮೋಣ ಎಂದರು. ಚಿಮ್ಮಿದರು. ಭಾರತದ ಕಡೆ ಬಿತ್ತು. ನಮ್ಮ ಹುಡುಗಿಯರು ಕುಣಿದಾಡಿದರು. ಬಾಂಗ್ಲಾ ಹುಡುಗಿಯರು, “ಇದು ಯಾವ ನಿಯಮ?” ಎಂದು ಮೈದಾನ ಬಿಡಲೊಪ್ಪಲಿಲ್ಲ. ಪ್ರೇಕ್ಷಕರು ಬಾಟಲಿಗಳನ್ನು ಎಸೆದರು. ಅಧಿಕಾರಿಗಳು ತಮ್ಮ ತಪ್ಪು ತಿಳಿದು, “ನಾಣ್ಯ ರದ್ದು, ಮತ್ತೆ ಒದೆಯಿರಿ” ಎಂದರು. ಗೆದ್ದಿರಿ ಎಂದು ಕೈಕುಲುಕಿಸಿಕೊಂಡ ನಮ್ಮ ಹುಡುಗಿಯರು ಈಗ ಒಪ್ಪುವುದುಂಟೆ? ಅವರು ಮೈದಾನ ಬಿಟ್ಟು ಹೋದರು. ಬಹಳ ಹೊತ್ತಿನ ಗೊಂದಲದ ನಂತರ ಎರಡೂ ತಂಡಗಳನ್ನು ಜಂಟಿ ವಿಜಯಿಗಳೆಂದು ಸಾರಲಾಯಿತು.

ಬಂಧುಗಳೇ, ಈ ಕಥೆಯನ್ನು ನಾನು ಪತ್ರಿಕೆಯಲ್ಲಿ ಓದಿದಾಗ ನನಗೆ ನಗು ಬರಲಿಲ್ಲ. ಆ ರಾತ್ರಿ ಎರಡೂ ಕಡೆಯ ಹುಡುಗಿಯರು ಅತ್ತಿರಬೇಕು. ಯಾರ ತಪ್ಪಿಗಾಗಿ? ಒದೆಯಬೇಕಾದವರು ಇಪ್ಪತ್ತೆರಡು ಜನ ಒಬ್ಬರೂ ತಪ್ಪದೆ ಒದೆದರು. ನಿಯಮದ ಪುಸ್ತಕ ಹಿಡಿದು ಬದಿಯಲ್ಲಿ ನಿಂತಿದ್ದವರು ಮಾತ್ರ ಪುಸ್ತಕ ಬಿಚ್ಚಿ ನೋಡಲಿಲ್ಲ. ಹುಡುಗಿಯರು ತಪ್ಪಲಿಲ್ಲ; ತಪ್ಪಿದವರು ದೊಡ್ಡವರು.

ನಾಣ್ಯ ಚಿಮ್ಮುವ ಪದ್ಧತಿ ಫುಟ್ಬಾಲಿನಲ್ಲಿ ಹಿಂದೆ ಇತ್ತು, ಇಲ್ಲವೆನ್ನುವುದಿಲ್ಲ. 1968ರಲ್ಲಿ ಯುರೋಪಿನ ದೊಡ್ಡ ಪಂದ್ಯಾವಳಿಯ ಉಪಾಂತ್ಯ ಪಂದ್ಯ ಇಟಲಿಗೂ ಸೋವಿಯತ್ ದೇಶಕ್ಕೂ ನೇಪಲ್ಸಿನಲ್ಲಿ ನಡೆದು, ಯಾರೂ ಗೋಲು ಹೊಡೆಯದೆ, ನಾಣ್ಯದಿಂದಲೇ ತೀರ್ಮಾನವಾಯಿತು. ಇಟಲಿ ಗೆದ್ದಿತು. ಆದರೆ ಎರಡು ಗಂಟೆ ಬೆವರು ಹರಿಸಿದವರ ಹಣೆಬರಹವನ್ನು ಒಂದು ಕಾಸಿನ ಬಿಲ್ಲೆ ಬರೆಯುವುದು ನ್ಯಾಯವಲ್ಲ ಎಂದು ತಿಳಿದವರಿಗೆ ಅನ್ನಿಸಿತು. 1970ರಲ್ಲಿ ಪೆನಾಲ್ಟಿ ಒದೆತದ ನಿಯಮ ಬಂತು. ಅದರ ಅರ್ಥ ಇಷ್ಟೆ: ಅದೃಷ್ಟ ಬೇಡ, ಒದೆಯಲು ಅವಕಾಶ ಕೊಡಿ, ತಪ್ಪಿದರೆ ಅವರೇ ತಪ್ಪಲಿ. ನಾವು ಇಂದು ಚೀಟಿ ಎತ್ತಿದರೆ, ಜಗತ್ತು ಐವತ್ತೈದು ವರ್ಷದ ಹಿಂದೆ ಬಿಟ್ಟದ್ದನ್ನು ವಿಠ್ಠಲವಾಡಿಯಲ್ಲಿ ಮತ್ತೆ ಹಿಡಿದಂತಾಗುತ್ತದೆ.

ಹೆಂಗಸರಿಗೆ ಫುಟ್ಬಾಲ್ ಯಾಕೆ, ಇದೆಲ್ಲ ಈಚಿನ ಶೋಕಿ ಎನ್ನುವವರಿದ್ದಾರೆ. ನಾವು ಕಾರ್ಮಿಕರ ಸಂಘದವರು. ನಮಗೆ ತಿಳಿದಿರಬೇಕಾದ ಒಂದು ಸಂಗತಿ ಹೇಳುತ್ತೇನೆ. ಈ ಆಟವನ್ನು ಹೆಂಗಸರಲ್ಲಿ ಮೊದಲು ಬೆಳೆಸಿದವರಲ್ಲಿ ಕಾರ್ಖಾನೆಯ ಹೆಂಗಸರೇ ಮುಂದು. ಮೊದಲ ಮಹಾಯುದ್ಧದ ಕಾಲ. ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದಾಗ ಇಂಗ್ಲೆಂಡಿನ ಪ್ರೆಸ್ಟನ್ ಊರಿನ ಡಿಕ್ ಕೆರ್ ಕಾರ್ಖಾನೆಯಲ್ಲಿ ಮದ್ದುಗುಂಡು ಮಾಡುವ ಕೆಲಸಕ್ಕೆ ಹೆಂಗಸರು ಸೇರಿದರು. ಊಟದ ಬಿಡುವಿನಲ್ಲಿ ಅಂಗಳದಲ್ಲಿ ಚೆಂಡು ಒದೆಯುತ್ತಿದ್ದವರು ತಂಡ ಕಟ್ಟಿದರು. 1917ರ ಕ್ರಿಸ್‌ಮಸ್ ದಿನ ಅವರ ಆಟ ನೋಡಲು ಹತ್ತು ಸಾವಿರ ಜನ ಬಂದರು. ಟಿಕೆಟಿನ ಹಣ ಗಾಯಗೊಂಡ ಸಿಪಾಯಿಗಳಿಗೆ ಹೋಯಿತು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನಲ್ಲಿ ಅವರು ಆಡಿದಾಗ ಐವತ್ಮೂರು ಸಾವಿರ ಜನ ಒಳಗಿದ್ದರು. ಲಿಲಿ ಪಾರ್ ಎಂಬ ಬಡವರ ಮನೆಯ ಹುಡುಗಿಯ ಹೊಡೆತಕ್ಕೆ ಗಂಡು ಗೋಲ್‌ಕೀಪರ್‌ಗಳೂ ಅಂಜುತ್ತಿದ್ದರಂತೆ.

ಆಮೇಲೆ? 1921ರ ಡಿಸೆಂಬರ್ 5ರಂದು ಅಲ್ಲಿಯ ಫುಟ್ಬಾಲ್ ಸಂಸ್ಥೆಯ ದೊಡ್ಡವರು ಸಭೆ ಸೇರಿ, ಈ ಆಟ ಹೆಂಗಸರಿಗೆ ತಕ್ಕದ್ದಲ್ಲ, ನಮ್ಮ ಸಂಸ್ಥೆಗೆ ಸೇರಿದ ಯಾವ ಮೈದಾನವನ್ನೂ ಅವರಿಗೆ ಕೊಡಕೂಡದು ಎಂದು ನಿರ್ಣಯ ಮಾಡಿದರು. ಗಮನಿಸಿ: ಆಡಬೇಡಿ ಎಂದು ಹೇಳುವ ಅಧಿಕಾರ ಅವರಿಗಿರಲಿಲ್ಲ. ಮೈದಾನ ಕೊಡಬೇಡಿ ಎಂದರು, ಅಷ್ಟೆ. ಅದೇ ಸಾಕಾಯಿತು. ಆ ನಿರ್ಬಂಧ ತೆಗೆಯಲು ಸುಮಾರು ಐವತ್ತು ವರ್ಷ ಹಿಡಿಯಿತು. ಹೆಂಗಸರ ಮೊದಲ ವಿಶ್ವಕಪ್ ನಡೆದದ್ದು 1991ರಲ್ಲಿ, ಚೀನದಲ್ಲಿ. ಎರಡು ತಲೆಮಾರಿನ ಹುಡುಗಿಯರು ಮೈದಾನದ ಬೇಲಿಯ ಹೊರಗೆ ಮುದುಕಿಯರಾದರು. ಆದ್ದರಿಂದ ಮೈದಾನದ ವಿಷಯ ಸಣ್ಣ ವಿಷಯ, ನಾಲ್ಕನೆಯ ಕಲಮು ಎಂದು ತಿಳಿಯಬೇಡಿ. ಮೈದಾನ ಹಿಡಿದವರ ಕೈಯಲ್ಲಿ ಆಟವಿರುತ್ತದೆ.

ನಮ್ಮ ದೇಶಕ್ಕೆ ಬರೋಣ. ನಮ್ಮ ಹೆಂಗಸರು ಹಿಂದೆ ಬಿದ್ದವರಲ್ಲ. 1980ರ ಜನವರಿಯಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಏಷ್ಯದ ಪಂದ್ಯಾವಳಿ ನಡೆದಾಗ ಭಾರತ ಅಂತಿಮ ಪಂದ್ಯ ತಲುಪಿತು. 1983ರಲ್ಲಿ ಬ್ಯಾಂಕಾಕಿನಲ್ಲಿ ಮತ್ತೆ ಎರಡನೆಯ ಸ್ಥಾನ. ಅದೇ ವರ್ಷ ಬಂಗಾಳದ ಶಾಂತಿ ಮಲಿಕ್‌ಗೆ ಅರ್ಜುನ ಪ್ರಶಸ್ತಿ ಬಂತು. ಫುಟ್ಬಾಲಿನಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಆಕೆ. ಆ ದಿನಗಳಲ್ಲಿ ಭಾರತದ ಪರವಾಗಿ ಆಡಿದವರಲ್ಲಿ ನಮ್ಮ ಬೆಂಗಳೂರಿನ ಚಿತ್ರಾ ಗಂಗಾಧರನ್ ಒಬ್ಬರು; ಏಷ್ಯದ ಆಯ್ದ ಆಟಗಾರ್ತಿಯರ ತಂಡಕ್ಕೂ ಅವರಿಗೆ ಕರೆ ಬಂದಿತ್ತು. ನಮ್ಮ ರಾತ್ರಿಶಾಲೆಯ ಮಾಸ್ತರರು ಬೆಂಗಳೂರು ಮುಸ್ಲಿಮ್ಸ್ ತಂಡದ ಕಥೆಯನ್ನು ನಮಗೆ ಹತ್ತು ಸಲ ಹೇಳಿದ್ದರು. ಈ ಮುಂಬಯಿಯ ಕೂಪರೇಜ್ ಮೈದಾನದಲ್ಲಿ, ಈಗ ನಿಂತುಹೋಗಿರುವ ರೋವರ್ಸ್ ಕಪ್ಪನ್ನು, 1937ರಲ್ಲೂ 1938ರಲ್ಲೂ ಗೆದ್ದ ತಂಡ ಅದು. ಆ ಕಥೆ ಕೇಳಿ ನಾವು ಎದೆಯುಬ್ಬಿಸಿ ನಡೆಯುತ್ತಿದ್ದೆವು. ಆದರೆ ಚಿತ್ರಾ ಗಂಗಾಧರನ್ ಅವರ ಹೆಸರನ್ನು ನಮಗೆ ಯಾವ ಮಾಸ್ತರರೂ ಹೇಳಲಿಲ್ಲ. ನಾವೂ ನಮ್ಮ ಹೆಣ್ಣುಮಕ್ಕಳಿಗೆ ಹೇಳಲಿಲ್ಲ. ಮಣಿಪುರದ ಬೆಂಬೆಂ ದೇವಿ, 2020ರಲ್ಲಿ ಪದ್ಮಶ್ರೀ ಪಡೆದವರು, ಚಿಕ್ಕಂದಿನಲ್ಲಿ ಹುಡುಗರ ತಂಡದಲ್ಲಿ ಆಡಲು ತನ್ನ ಹೆಸರು ಬದಲಿಸಿ ಹುಡುಗನ ಹೆಸರು ಹೇಳಬೇಕಾಗಿತ್ತಂತೆ. ಹೆಸರು ಅಡಗಿಸಿದರೆ ಮಾತ್ರ ಮೈದಾನ ಸಿಕ್ಕುವ ಕಾಲ ಅದು.

ಈಚಿನ ಮಾತಿಗೆ ಬಂದರೆ, 2022ನೆಯ ಇಸವಿಯಲ್ಲಿ ನಮ್ಮ ನೆರೆಯ ನವಿಮುಂಬಯಿಯಲ್ಲೇ ಎರಡು ದೊಡ್ಡ ಪಂದ್ಯಾವಳಿಗಳು ನಡೆದವು. ಜನವರಿಯಲ್ಲಿ ಏಷ್ಯ ಕಪ್. ಭಾರತದ ಹೆಂಗಸರು ಮೊದಲ ಪಂದ್ಯದಲ್ಲಿ ಇರಾನಿನೊಡನೆ ಸಮ ಮಾಡಿಕೊಂಡರು. ಎರಡನೆಯದಕ್ಕೆ ಇಳಿಯುವ ಮೊದಲೇ ಕೊರೋನಾ ತಂಡಕ್ಕೆ ತಗಲಿ, ಆಡಲು ಬೇಕಾದಷ್ಟು ಜನರಿಲ್ಲದೆ, ಪಂದ್ಯಾವಳಿಯಿಂದಲೇ ಹೊರಗೆ ಉಳಿಯಬೇಕಾಯಿತು. ಅದು ಯಾರ ತಪ್ಪೂ ಅಲ್ಲವೆನ್ನೋಣ. ಅಕ್ಟೋಬರಿನಲ್ಲಿ ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವಕಪ್. ಅದಕ್ಕೆ ಎರಡೇ ತಿಂಗಳ ಹಿಂದೆ, ಆಗಸ್ಟಿನಲ್ಲಿ, ನಮ್ಮ ದೇಶದ ಫುಟ್ಬಾಲ್ ಒಕ್ಕೂಟದ ಆಡಳಿತದ ವ್ಯಾಜ್ಯ ಎಷ್ಟು ಮುಂದೆ ಹೋಯಿತೆಂದರೆ, ಜಾಗತಿಕ ಸಂಸ್ಥೆಯಾದ ಫಿಫಾ ಭಾರತವನ್ನೇ ಅಮಾನತು ಮಾಡಿತು. ಹುಡುಗಿಯರ ವಿಶ್ವಕಪ್ ಕೈತಪ್ಪುವ ಹಾಗಾಯಿತು. ಹನ್ನೊಂದು ದಿನ ಕಳೆದು ಅಮಾನತು ತೆಗೆದರು, ಪಂದ್ಯಾವಳಿ ನಡೆಯಿತು. ಆ ಹನ್ನೊಂದು ದಿನ ಶಿಬಿರದಲ್ಲಿ ಬೆಳಗಾಗೆದ್ದು ಓಡುತ್ತಿದ್ದ ಹದಿನಾರು ವರ್ಷದ ಮಕ್ಕಳ ಮನಸ್ಸು ಹೇಗಿದ್ದಿರಬೇಕು? ಅಲ್ಲಿಯೂ ಅದೇ ಮಾತು. ಹುಡುಗಿಯರು ತಪ್ಪಿರಲಿಲ್ಲ.

ಆ ಭಾರತ ತಂಡದ ನಾಯಕಿ ಅಷ್ಟಂ ಉರಾಂವ್. ಜಾರ್ಖಂಡದ ಗುಮ್ಲಾ ಜಿಲ್ಲೆಯ ಬಡ ಆದಿವಾಸಿ ಮನೆಯ ಹುಡುಗಿ. ಮಗಳು ವಿಶ್ವಕಪ್ಪಿನ ನಾಯಕಿಯಾದಳೆಂದು ಸರ್ಕಾರದವರು ಆಕೆಯ ಗೌರವಾರ್ಥ ಹಳ್ಳಿಗೆ ಒಂದು ರಸ್ತೆ ಹಾಕಿಸಲು ತೊಡಗಿದರು, ಆಟ ನೋಡಲೆಂದು ಮನೆಗೆ ಟಿವಿಯನ್ನೂ ಇರಿಸಿಕೊಟ್ಟರು. ಆ ರಸ್ತೆಯ ಕೆಲಸದಲ್ಲಿ ಮಣ್ಣು ಹೊತ್ತವರಲ್ಲಿ ಆಕೆಯ ತಂದೆತಾಯಿಯೂ ಇದ್ದರು, ದಿನಕ್ಕೆ 250 ರೂಪಾಯಿ ಕೂಲಿಗೆ. ಮಗಳ ಹೆಸರಿನ ದಾರಿಗೆ ತಾಯಿಯೇ ಕಲ್ಲು ಹೊರುವುದು! ಇದನ್ನು ಕೇಳಿ ಕೆಲವರು ಅಯ್ಯೋ ಎಂದರು. ನಾನು ಅಯ್ಯೋ ಎನ್ನಲಾರೆ, ಭೇಷ್ ಎಂದೂ ಹೇಳಲಾರೆ. ಕೂಲಿಯವರ ಬದುಕು ಕಂಡವನಿಗೆ ಆ ತಾಯಿ ಅಂದು ಕೆಲಸಕ್ಕೆ ಯಾಕೆ ಹೋದಳೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ದಿನ ಹೋಗದಿದ್ದರೆ ಒಂದು ದಿನದ ಅಕ್ಕಿಯಿಲ್ಲ. ನಮ್ಮ ತಂಡ ಅಮೆರಿಕ, ಮೊರಾಕೊ, ಬ್ರೆಜಿಲ್ ಮೂವರಿಗೂ ಸೋತಿತು; ಎಂಟು, ಮೂರು, ಐದು ಗೋಲುಗಳು ಬಿದ್ದವು. ಆದರೆ ಅಮೆರಿಕದ ಹುಡುಗಿ ಐದು ವರ್ಷದವಳಿದ್ದಾಗಲೇ ಬೂಟು ಹಾಕಿ ಹುಲ್ಲಿನ ಮೈದಾನಕ್ಕೆ ಇಳಿದಿರುತ್ತಾಳೆ. ನಮ್ಮವಳು ಬರಿಗಾಲಲ್ಲಿ ಗದ್ದೆಯಂಚಿನಲ್ಲಿ ಕಲಿತವಳು. ಎಂಟು ಗೋಲಿನ ಲೆಕ್ಕ ಬರೆಯುವಾಗ ಆ ಹತ್ತು ವರ್ಷಗಳ ಲೆಕ್ಕವನ್ನೂ ಬರೆಯಬೇಕು.

ದೂರದ ಮಾತು ಸಾಕು ಎನ್ನುವಿರಾದರೆ, ಇಲ್ಲಿಂದ ಕಲ್ಯಾಣಕ್ಕೆ ಹೋಗಿ ಗಾಡಿ ಹಿಡಿಯಿರಿ. ಡೊಂಬಿವಲಿ, ದಿವಾ ದಾಟಿದರೆ ಮುಂಬ್ರಾ. ಅಲ್ಲಿ 2012ರಲ್ಲಿ ಪರ್ಚಮ್ ಎಂಬ ಸಂಘಟನೆಯ ಹೆಂಗಸರು ಹುಡುಗಿಯರನ್ನು ಕೂಡಿಸಿ ಫುಟ್ಬಾಲ್ ತಂಡ ಕಟ್ಟಿದರು. ಹೆಚ್ಚಿನವರು ಬಡ ಮುಸಲ್ಮಾನರ ಮನೆಯವರು. ಸುಲಭವಾಗಲಿಲ್ಲ. ಮನೆಯವರು ಬೇಡವೆಂದರು, ಮೈದಾನದ ಹುಡುಗರು ನಕ್ಕರು. ಹುಡುಗಿಯರು ಹಿಂದೆಗೆಯದೆ, ನಮಗೂ ಮೈದಾನ ಬೇಕೆಂದು ಮನೆಮನೆಗೆ ಹೋಗಿ ಸಹಿ ಕೂಡಿಸಿದರು, ಜನಪ್ರತಿನಿಧಿಗಳ ಬಾಗಿಲು ತಟ್ಟಿದರು. ಫಾತಿಮಾ ಬೀ ಮತ್ತು ಸಾವಿತ್ರಿಬಾಯಿಯವರ ಹೆಸರಿನಲ್ಲಿ ಪಂದ್ಯಗಳನ್ನು ನಡೆಸಿದರು. ಹೆಣ್ಣುಮಕ್ಕಳ ಶಾಲೆಗಾಗಿ ಕಷ್ಟಪಟ್ಟ ಸಾವಿತ್ರಿಬಾಯಿ ಫುಲೆ, ಫಾತಿಮಾ ಶೇಖ್, ಅವರೇ. ಅವರಿಗೂ ನಮಗೂ ನಡುವೆ ಕೆಲವೇ ನಿಲ್ದಾಣಗಳ ದೂರ. ಮುಂಬ್ರಾದಲ್ಲಿ ಆಗುವುದು ವಿಠ್ಠಲವಾಡಿಯಲ್ಲಿ ಯಾಕೆ ಆಗಬಾರದು?

ಈಗ ನನ್ನ ಮನೆಯ ಮಾತು. ಇದನ್ನು ಹೇಳಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ಊರವರ ತಪ್ಪು ಹೇಳಿ ನನ್ನದನ್ನು ಮುಚ್ಚಿಟ್ಟರೆ ಈ ವೇದಿಕೆಗೆ ಮರ್ಯಾದೆಯಲ್ಲ.

1997. ನನ್ನ ಮಗಳು ಎಂಟನೆಯ ತರಗತಿಯಲ್ಲಿದ್ದಳು. ಒಂದು ಸಂಜೆ ನಾನು ಪಾಳಿ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದೆ. ಬಾಗಿಲ ಬಳಿ ನಿಂತು, “ಅಪ್ಪ, ಶಾಲೆಯಲ್ಲಿ ಹುಡುಗಿಯರ ಫುಟ್ಬಾಲ್ ತಂಡ ಮಾಡುತ್ತಾರೆ. ಟೀಚರು ನನ್ನ ಹೆಸರು ಬರೆದುಕೊಂಡಿದ್ದಾರೆ. ನಿಮ್ಮ ಸಹಿ ಬೇಕಂತೆ” ಎಂದಳು. ನಾನು ಬೈಯಲಿಲ್ಲ, ಹೊಡೆಯಲಿಲ್ಲ. ನಕ್ಕೆ. “ಕಾಲು ಮುರಿದುಕೊಂಡರೆ ನಿನ್ನನ್ನು ಯಾರು ಮದುವೆಯಾಗುತ್ತಾರೆ ಮಗಾ? ಆ ಕಾಗದ ಅಲ್ಲಿಡು” ಎಂದೆ. ಅವಳು ಕಾಗದವನ್ನು ದೇವರ ಪಟದ ಹಿಂದೆ ಇಟ್ಟಳು. ನಾನು ಸಹಿ ಹಾಕಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಮನೆಯಲ್ಲಿ ಅಳುವಿಲ್ಲ, ರಂಪವಿಲ್ಲ. ನಾನು ಅದನ್ನು ಮರೆತೇಬಿಟ್ಟೆ. ಅದು ನನಗೆ ಒಂದು ಘಟನೆಯೇ ಆಗಿರಲಿಲ್ಲ.

ಮದುವೆಯಾಯಿತು, ಮಕ್ಕಳಾದರು. ಈಗ ಅವಳ ಮಗಳಿಗೆ ಹದಿನಾಲ್ಕು ವರ್ಷ. ಅರ್ಜಿಯಲ್ಲಿರುವ ಹದಿನಾಲ್ಕು ಹೆಸರುಗಳಲ್ಲಿ ಅವಳದ್ದೂ ಒಂದು. ಕೆಲವು ತಿಂಗಳ ಹಿಂದೆ ಯಾರೋ ಕೊಟ್ಟ ಹಳೆಯ ಬೂಟು ಹಾಕಿ ಮೊಮ್ಮಗಳು ಖೋಲಿಯ ಹೊಸ್ತಿಲ ಮೇಲೆ ಕುಳಿತಿದ್ದಳು. ಲಾಡಿ ಕಟ್ಟಲು ಬರುತ್ತಿರಲಿಲ್ಲ. ನನ್ನ ಮಗಳು ಒಲೆಯ ಮುಂದಿನಿಂದ ಎದ್ದು ಬಂದು, ಅವಳ ಕಾಲನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು, ಲಾಡಿಯನ್ನು ಪಾದದ ಅಡಿಯಿಂದ ಒಂದು ಸುತ್ತು ತಂದು, ಬಿಗಿದು, ಗಂಟನ್ನು ಬದಿಗೆ ಹಾಕಿದಳು. “ಗಂಟು ನಡುವೆ ಇರಬಾರದು, ಚೆಂಡು ತಾಗುವ ಜಾಗ ಅದು” ಎಂದಳು. ನಾನು ಕೇಳಿದೆ, “ನೀನು ಇದನ್ನು ಎಲ್ಲಿ ಕಲಿತೆ?” ಅವಳು ತಲೆಯೆತ್ತದೆ ಹೇಳಿದಳು: “ಆ ಟೀಚರು ಹೇಳಿಕೊಟ್ಟಿದ್ದರು ಅಪ್ಪ. ಎರಡೇ ದಿನ ಹೋಗಿದ್ದೆ.”

ಇಪ್ಪತ್ತೇಳು ವರ್ಷ ಅವಳು ಅದನ್ನು ಮರೆತಿರಲಿಲ್ಲ. ಮರೆತವನು ನಾನು. ಅವಳು ದೊಡ್ಡ ಆಟಗಾರ್ತಿಯಾಗುತ್ತಿದ್ದಳು ಎಂದು ನಾನು ಹೇಳುತ್ತಿಲ್ಲ. ಆಗುತ್ತಿರಲಿಲ್ಲವೋ ಏನೋ. ಮೂರನೆಯ ದಿನಕ್ಕೆ ತಾನೇ ಬೇಸತ್ತು ಬಿಡುತ್ತಿದ್ದಳೋ ಏನೋ. ಆದರೆ ಅದು ಅವಳ ಒದೆತ. ಗೋಲಾಗಲಿ, ತಪ್ಪಲಿ, ಒದೆಯಬೇಕಾದವಳು ಅವಳು. ನಾನು ಬದಿಯಲ್ಲಿ ನಿಂತು ನಾಣ್ಯ ಚಿಮ್ಮಿದೆ. ಅದಕ್ಕೇ ಢಾಕಾದ ಕಥೆ ಓದಿದಾಗ ನನಗೆ ನಗು ಬರಲಿಲ್ಲ ಎಂದದ್ದು.

ಇನ್ನು ಆಕ್ಷೇಪಗಳಿಗೆ ಉತ್ತರ ಹೇಳಿ ಮುಗಿಸುತ್ತೇನೆ.

ಪೆಟ್ಟಾಗುತ್ತದೆ ಎನ್ನುತ್ತಾರೆ. ಹೌದು, ಆಗುತ್ತದೆ. ಬೆಳಗಿನ ಗಾಡಿಯಲ್ಲಿ ಬಾಗಿಲಿಗೆ ಜೋತು ಮುಂಬಯಿಗೆ ಹೋಗುವ ನಮ್ಮ ಹೆಣ್ಣುಮಕ್ಕಳನ್ನು ನಾವು ತಡೆದಿದ್ದೇವೆಯೇ? ಎರಡು ಕೊಡ ನೀರು ಹೊತ್ತು ಮೂರು ಮಾಳಿಗೆ ಹತ್ತುವಾಗ ಕಾಲು ಉಳುಕುವುದಿಲ್ಲವೇ? ದುಡಿಮೆಯಲ್ಲಿ ಬಿದ್ದ ಪೆಟ್ಟು ಪೆಟ್ಟಲ್ಲ, ಆಟದಲ್ಲಿ ಬಿದ್ದದ್ದು ಮಾತ್ರ ಪೆಟ್ಟು ಎಂಬ ಲೆಕ್ಕ ಸರಿಯಲ್ಲ.

ಹಣವಿಲ್ಲ ಎನ್ನುತ್ತಾರೆ. ನಿಜ, ನಮ್ಮದು ಚಂದಾದಿಂದ ನಡೆಯುವ ಸಂಘ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕು. ಆದರೆ ವಾರ್ಷಿಕೋತ್ಸವದಲ್ಲಿ ನಾವು ಒಬ್ಬರಿಗೊಬ್ಬರು ಹೊದಿಸುವ ಶಾಲುಗಳು, ಹಾಕುವ ಹಾರಗಳು, ಈ ಲೆಕ್ಕವನ್ನು ಖಜಾಂಚಿಯವರು ಒಮ್ಮೆ ಓದಲಿ. ಈ ವರ್ಷ ನನಗೆ ಶಾಲು ಬೇಡ. ಹಿರಿಯ ಸದಸ್ಯರಲ್ಲಿ ಇನ್ನೂ ಹತ್ತು ಮಂದಿ ಬೇಡವೆಂದರೆ ಬೂಟಿನ ಮಾತು ಅರ್ಧ ಮುಗಿಯಿತು.

ಹುಡುಗರಿಗೆ ಅನ್ಯಾಯವಾಗುತ್ತದೆ, ಚೀಟಿಯೇ ನ್ಯಾಯ ಎನ್ನುತ್ತಾರೆ. ಚೀಟಿ ನ್ಯಾಯವಾಗುವುದು ಇಬ್ಬರೂ ಸಮನಾಗಿ ನಿಂತಾಗ. ಇಷ್ಟು ವರ್ಷ ಭಾನುವಾರಗಳೆಲ್ಲ ಒಬ್ಬರದೇ ಆಗಿದ್ದು, ಇಂದು ಇನ್ನೊಬ್ಬರು ಬಂದು ಬಾಗಿಲಲ್ಲಿ ನಿಂತಾಗ, “ಬಾ, ಚೀಟಿ ಎತ್ತೋಣ” ಎನ್ನುವುದು ನ್ಯಾಯದ ವೇಷ, ನ್ಯಾಯವಲ್ಲ. ಹುಡುಗರಿಂದ ಮೈದಾನ ಕಸಿಯಿರಿ ಎಂದು ಯಾರೂ ಕೇಳುತ್ತಿಲ್ಲ. ಬೆಳಿಗ್ಗೆ ಆರರಿಂದ ಏಳೂವರೆ ಹುಡುಗಿಯರಿಗೆ, ಅಲ್ಲಿಂದ ಮುಂದೆ ಹುಡುಗರಿಗೆ. ಒಂದೂವರೆ ಗಂಟೆ ಹೆಚ್ಚು ನಿದ್ದೆ ಮಾಡಲು ನಮ್ಮ ಹುಡುಗರು ಬೇಡವೆನ್ನಲಾರರು.

ಕೊನೆಯದಾಗಿ, ಹೊಸ ನಿಯಮ ಮಾಡಬೇಕಾಗುತ್ತದೆ ಎಂದರು ಒಬ್ಬರು. ನಾನು ಮನೆಗೆ ಹೋಗಿ ಸಂಘದ ನಿಯಮಾವಳಿಯ ಪುಸ್ತಕ ಹುಡುಕಿ ತೆಗೆದೆ. ಧೂಳು ಹಿಡಿದಿತ್ತು. ಕ್ರೀಡೆಯ ಕಲಮಿನಲ್ಲಿ ನಮ್ಮ ಹಿರಿಯರು ಬರೆದಿಟ್ಟಿದ್ದಾರೆ: ಸಂಘದ ಕ್ರೀಡಾ ಸೌಕರ್ಯಗಳು ಸದಸ್ಯರ ಮಕ್ಕಳಿಗೆ. ಮಕ್ಕಳಿಗೆ! ಗಂಡುಮಕ್ಕಳಿಗೆ ಎಂದು ಬರೆದಿಲ್ಲ. ಬಂಧುಗಳೇ, ಢಾಕಾದಂತೆ ಇಲ್ಲಿಯೂ ನಿಯಮ ಮೊದಲಿನಿಂದಲೇ ಇದೆ. ಪುಸ್ತಕ ಬಿಚ್ಚಿ ನೋಡಿದವರು ಮಾತ್ರ ಇರಲಿಲ್ಲ.

ಆದ್ದರಿಂದ ನನ್ನ ಸೂಚನೆಗಳು ನಾಲ್ಕು. ಒಂದು, ಭಾನುವಾರ ಆರರಿಂದ ಏಳೂವರೆಯವರೆಗೆ ಮೈದಾನ ಹುಡುಗಿಯರದೆಂದು ನಿರ್ಣಯ ಬರೆಯಿರಿ, ಬಾಯಿಮಾತು ಬೇಡ. ಎರಡು, ಹದಿನಾಲ್ಕು ಜೊತೆ ಬೂಟು ಮತ್ತು ಎರಡು ಒಳ್ಳೆಯ ಚೆಂಡು ಕೊಡಿಸಿ. ಹಳೆಯದನ್ನು ಕೊಟ್ಟು ಹೊಸದರಂತೆ ಆಡು ಎನ್ನಬೇಡಿ. ಮೂರು, ಅಭ್ಯಾಸಕ್ಕೂ ಪಂದ್ಯಕ್ಕೂ ಮಹಿಳಾ ವಿಭಾಗದ ಇಬ್ಬರು ಜೊತೆಗಿರಲಿ. ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ಶುಚಿಯಾದ ಒಂದು ಶೌಚಾಲಯ ಗೊತ್ತುಮಾಡಿ. ಎಷ್ಟೋ ಹುಡುಗಿಯರು ಆಟ ಬಿಡುವುದು ಕಾಲಿನ ಶಕ್ತಿ ಸಾಲದೆ ಅಲ್ಲ, ಈ ಕೋಣೆಯಿಲ್ಲದೆ. ನಾಲ್ಕು, ಆಟದ ಮೇಲೆ ತಿನ್ನಲು ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಕಡಲೆ ಇಷ್ಟಾದರೂ ಇರಲಿ. ಅದರ ಖರ್ಚು ಈ ವರ್ಷ ನನ್ನ ನಿವೃತ್ತಿಯ ಹಣದಿಂದ. ಇದು ದಾನವಲ್ಲ, 1997ರ ಬಾಕಿ.

ಗೆಲ್ಲುತ್ತಾರೆಯೇ ಎಂದು ಕೇಳಬೇಡಿ. ಆದರೆ ಕಾಲ ಬದಲಾಗುತ್ತಿದೆ 2025ರ ಜುಲೈ 5ರಂದು ನಮ್ಮ ದೇಶದ ಹೆಂಗಸರು ಥಾಯ್ಲೆಂಡಿನ ನೆಲದಲ್ಲೇ ಥಾಯ್ಲೆಂಡನ್ನು ಎರಡಕ್ಕೆ ಒಂದರಿಂದ ಸೋಲಿಸಿ, ಅರ್ಹತಾ ಪಂದ್ಯಗಳನ್ನು ಗೆದ್ದು ಮೊದಲ ಬಾರಿಗೆ ಏಷ್ಯ ಕಪ್ಪಿಗೆ ಹೋಗುವ ಹಕ್ಕು ಪಡೆದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಹೊಡೆದದ್ದು. ಮರುತಿಂಗಳೇ ಇಪ್ಪತ್ತು ವರ್ಷದೊಳಗಿನ ಹುಡುಗಿಯರು ಮ್ಯಾನ್ಮಾರನ್ನು ಅವರ ಊರಲ್ಲೇ ಸೋಲಿಸಿ ತಮ್ಮ ವಯಸ್ಸಿನವರ ಏಷ್ಯ ಕಪ್ಪಿಗೆ ಅರ್ಹರಾದರು; ಇಪ್ಪತ್ತು ವರ್ಷಗಳ ಮೇಲೆ ಬಂದ ಯೋಗ ಅದು. ಅವರೆಲ್ಲ ಆಕಾಶದಿಂದ ಇಳಿದವರಲ್ಲ. ಎಲ್ಲೋ ಒಂದು ಊರಿನಲ್ಲಿ ಯಾರೋ ಒಬ್ಬರು ಒಂದು ಕಾಗದಕ್ಕೆ ಸಹಿ ಹಾಕಿದ್ದರು.

ಕಾರ್ಖಾನೆಯಲ್ಲಿ ನಾವು ಕೈಸನ್ನೆಯಲ್ಲೇ ಮಾತಾಡುತ್ತಿದ್ದೆವು ಎಂದು ಮೊದಲೇ ಹೇಳಿದೆ. ಅಧ್ಯಕ್ಷರು ಈಗ ಮತಕ್ಕೆ ಹಾಕಲಿದ್ದಾರೆ. ಚೀಟಿ ಬೇಡ, ನಾಣ್ಯ ಬೇಡ. ಕೈ ಎತ್ತಿ. ಬೇಡವೆನ್ನುವವರು ಬೇಡವೆಂದೇ ಎತ್ತಿ, ಆದರೆ ಹಿಂದಿನ ಸಾಲಿನಲ್ಲಿ ಕುಳಿತಿರುವ ಆ ಹದಿನಾಲ್ಕು ಜನರ ಮುಖ ಒಮ್ಮೆ ನೋಡಿ ಎತ್ತಿ.